ಭಂಗಾರವೂ ಅಲ್ಲ, ಬಂಗಾರವೂ ಅಲ್ಲ: ಹಳೆಯ ಬ್ಯಾಟರಿಯ ಭಾರ

ಹೊಲದ ವಸ್ತಿಯಲ್ಲಿ ಬದುಕುವವರಿಗೆ ಕತ್ತಲೆ ಹೊಸದಲ್ಲ. ಅಕ್ಕಲಕೋಟೆ ತಾಲೂಕಿನ ಮೈಂದರ್ಗಿ, ದುಧನಿ, ನಾಗಣಸೂರ, ತಡವಳ, ಕರಜಗಿಗಳ ಸುತ್ತಲಿನ ಕರಿಮಣ್ಣಿನ ಸೀಮೆಯಲ್ಲಿ ಊರೊಳಗಿನ ಮನೆಯನ್ನು ಬಿಟ್ಟು, ಹೊಲದ ದಂಡೆಗೇ ಎರಡು ಖೋಲಿ ಕಟ್ಟಿಕೊಂಡು, ದನಕರುಗಳೊಡನೆ ಅಲ್ಲಿಯೇ ನೆಲೆಸಿದ ಕುಟುಂಬಗಳು ಬಹಳ. ಪಕ್ಕದ ದಕ್ಷಿಣ ಸೊಲ್ಲಾಪುರ ತಾಲೂಕಿನ ಫತಾಟೆವಾಡಿಯ ಬಳಿ ಎನ್‌ಟಿಪಿಸಿಯ 1320 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರ ನಿಂತಿದೆ. ಆದರೆ ವಿದ್ಯುತ್ತು ಹುಟ್ಟುವ ಸ್ಥಳ ಹತ್ತಿರವಿದ್ದ ಮಾತ್ರಕ್ಕೆ ಪ್ರತಿ ವಸ್ತಿಯಲ್ಲೂ ದೀಪ ಉರಿಯುತ್ತದೆ ಎಂದೇನೂ ಇಲ್ಲ. ಕೃಷಿ ಫೀಡರಿನ ವಿದ್ಯುತ್ತು ಸರದಿಯಂತೆ ಬರುತ್ತದೆ, ಸರದಿಯಂತೆ ಹೋಗುತ್ತದೆ. ಕಂಬ ದೂರವಿದ್ದವರಿಗೆ ಅದೂ ಇಲ್ಲ.

ಇತ್ತೀಚಿನ ವರ್ಷಗಳಲ್ಲಿ ಅನೇಕರ ಹೊಲಗಳಲ್ಲಿ ಸೌರ ಪಂಪುಗಳು ನೆಲೆಯೂರಿವೆ. 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಕುಸುಮ್ ಯೋಜನೆಯೂ ಅದರೊಡನೆ ಜೋಡಿಸಿಕೊಂಡ ಮಹಾರಾಷ್ಟ್ರ ಸರಕಾರದ ಯೋಜನೆಗಳೂ ಇದಕ್ಕೆ ಕಾರಣ. ಬಿಸಿಲು ಬಿದ್ದರೆ ಬಾವಿಯ ನೀರು ಮೇಲೆ ಬರುತ್ತದೆ. ಆದರೆ ಈ ಪಂಪುಗಳಿಗೆ ಬ್ಯಾಟರಿ ಇರುವುದಿಲ್ಲ. ಸೂರ್ಯ ಮುಳುಗಿದ ಕ್ಷಣವೇ ಪಂಪು ನಿಲ್ಲುತ್ತದೆ. ಹಗಲಿನಲ್ಲಿ ಮೂರೋ ಐದೋ ಹಾರ್ಸ್‌ಪವರಿನ ಮೋಟಾರು ಓಡಿಸಿದ ಫಲಕಗಳು ರಾತ್ರಿ ಒಂದು ಬಲ್ಬು ಹಚ್ಚಲಾರವು. ಆ ಒಂದು ಬಲ್ಬಿಗಾಗಿ, ಒಂದು ಪಂಖಕ್ಕಾಗಿ, ಮಕ್ಕಳ ಓದಿಗಾಗಿ ಮನೆಗೆ ಬೇರೆಯೇ ಒಂದು ಸಣ್ಣ ಫಲಕ ಮತ್ತು ಒಂದು ಬ್ಯಾಟರಿ ಬೇಕು. ಫಲಕದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿದಿದೆ. ಬ್ಯಾಟರಿಯದು ಹಾಗಲ್ಲ. ಆದ್ದರಿಂದ ಸುಮಾರು 40 ಕಿಲೋಮೀಟರ್ ದಾಟಿ ಸೊಲ್ಲಾಪುರದ ನವಿ ಪೇಠೆಗೆ ವಾಯರು, ಚಾರ್ಜ್ ಕಂಟ್ರೋಲರು ಕೊಳ್ಳಲು ಬಂದ ರೈತನು ಕೊನೆಗೆ ಕೇಳುವ ಪ್ರಶ್ನೆ ಒಂದೇ: ಹಳೆಯ ಬ್ಯಾಟರಿ ಎಲ್ಲಿ ಸಿಗುತ್ತದೆ?

ಕೇಳುವುದು ತಪ್ಪಲ್ಲ. ಕೊಳ್ಳುವುದೂ ತಪ್ಪಲ್ಲ. ಆದರೆ ಹಳೆಯ ಬ್ಯಾಟರಿಯೊಂದನ್ನು ಮನೆಗೆ ತರುವವನು ಮೂರು ಭಾರಗಳನ್ನು ಒಟ್ಟಿಗೆ ತರುತ್ತಾನೆ. ಬೆನ್ನಿಗೆ ತಾಗುವ ಭಾರ ಮೊದಲನೆಯದು. ಕೈಗೆ, ಕಣ್ಣಿಗೆ ತಾಗುವ ಆಮ್ಲ ಎರಡನೆಯದು. ಮಕ್ಕಳ ರಕ್ತಕ್ಕೆ ಸೇರಬಲ್ಲ ಸೀಸ ಮೂರನೆಯದು. ಮೂರನ್ನೂ ಇಳಿಸುವ ರೀತಿ ಬಲ್ಲವನಿಗೆ ಈ ವ್ಯವಹಾರ ಲಾಭದ್ದು. ಅರಿಯದವನಿಗೆ ಅಗ್ಗವಾಗಿ ಸಿಕ್ಕಿದ್ದೇ ದುಬಾರಿಯಾದೀತು.

ತೂಕಕ್ಕೊಂದು ಬೆಲೆ, ಸತ್ತ್ವಕ್ಕೊಂದು ಬೆಲೆ

ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂತೆ ಎಂಬ ವಿಜ್ಞಾನಿ ರೂಪಿಸಿದ್ದು 1859ರಲ್ಲಿ. ಇಷ್ಟು ವರ್ಷಗಳಾದರೂ ಅದರ ಮೂಲತತ್ತ್ವ ಬದಲಾಗಿಲ್ಲ. ಮನೆಯ ಇನ್ವರ್ಟರಿಗೆ ಜೋಡಿಸುವ 12 ವೋಲ್ಟ್, 150 ಆಂಪಿಯರ್-ತಾಸಿನ ಎತ್ತರದ ಟ್ಯೂಬುಲರ್ ಬ್ಯಾಟರಿಯು ಆಮ್ಲಸಹಿತ ಸುಮಾರು 50ರಿಂದ 65 ಕಿಲೋ ತೂಗುತ್ತದೆ. ಆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ ಮತ್ತು ಸೀಸದ ಸಂಯುಕ್ತಗಳು. ಉಳಿದುದರಲ್ಲಿ ಬಹುಪಾಲು ಆಮ್ಲದ್ರವ. ಮೊಬೈಲ್ ಗೋಪುರಗಳಲ್ಲಿ, ಬ್ಯಾಂಕುಗಳಲ್ಲಿ ಬಳಸಿ ತೆಗೆದ ಬ್ಯಾಟರಿಗಳ ಬಗೆ ಬೇರೆ. ಗೋಪುರದ 48 ವೋಲ್ಟಿನ ಬ್ಯಾಂಕಿನಲ್ಲಿ ತಲಾ 2 ವೋಲ್ಟಿನ 24 ಕೋಶಗಳಿರುತ್ತವೆ. ದೊಡ್ಡ ಅಳತೆಯವಾದರೆ ಒಂದೊಂದು ಕೋಶವೇ 30–40 ಕಿಲೋ ತೂಗುವುದುಂಟು. ಗೋಪುರಗಳು ಲಿಥಿಯಂ ಬ್ಯಾಟರಿಗಳ ಕಡೆಗೆ ಹೊರಳುತ್ತಿರುವುದರಿಂದ ಇಂಥ ಕೋಶಗಳು ಹಳೆಯ ಮಾಲಿನ ಪೇಠೆಗೆ ಬರುತ್ತವೆ.

ಗಡಿಸೀಮೆಯ ಮಾತಿನಲ್ಲಿ ಒಂದು ವಿನೋದವಿದೆ. ಮರಾಠಿಯಲ್ಲಿ ಹಳೆಯ, ಒಡಕು ಸಾಮಾನಿಗೆ ‘ಭಂಗಾರ’ ಎನ್ನುತ್ತಾರೆ. ಕನ್ನಡದಲ್ಲಿ ಚಿನ್ನಕ್ಕೆ ‘ಬಂಗಾರ’. ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ. ಹಳೆಯ ಬ್ಯಾಟರಿಯ ವ್ಯಾಪಾರ ನಡೆಯುವುದು ಈ ಎರಡು ಶಬ್ದಗಳ ನಡುವೆಯೇ. ಭಂಗಾರದ ತಕ್ಕಡಿಗೆ ಅದು ಸೀಸ. ಕಿಲೋದ ಲೆಕ್ಕದಲ್ಲಿ ಬೆಲೆ. ಮಾರುವವನ ಬಾಯಲ್ಲಿ ಅದು ಇನ್ನೂ ಬಾಳಿಕೆಯುಳ್ಳ ಬಂಗಾರ. ಅದರ ಮೈಮೇಲೆ ಅಚ್ಚಾದ ‘150’ ಎಂಬ ಅಂಕಿಯ ಲೆಕ್ಕದಲ್ಲಿ ಬೆಲೆ. ಆದರೆ ಆ ಅಂಕಿಯು ಕಾರಖಾನೆಯಿಂದ ಹೊರಬಿದ್ದ ದಿನದ್ದು, ಇಂದಿನದಲ್ಲ. ಕೊಳ್ಳುವವನು ಬೆಲೆ ಕಟ್ಟಬೇಕಾದದ್ದು ತೂಕಕ್ಕೂ ಅಲ್ಲ, ಅಚ್ಚಿಗೂ ಅಲ್ಲ. ಒಳಗೆ ಉಳಿದಿರುವ ಸತ್ತ್ವಕ್ಕೆ. ಸತ್ತ್ವವೆಲ್ಲ ಹೋದ ಬ್ಯಾಟರಿಯೂ ಹೊಸದರಷ್ಟೇ ಭಾರವಾಗಿರುತ್ತದೆ.

ಕಾರಖಾನೆ, ಗೋಪುರ, ಆಸ್ಪತ್ರೆಗಳಂಥ ಕಡೆ ಬ್ಯಾಟರಿಯ ಸಾಮರ್ಥ್ಯ ಮೂಲದ 80 ಶೇಕಡಾಕ್ಕೆ ಇಳಿದಾಗ ಅದನ್ನು ಬದಲಿಸುವ ರೂಢಿ. ಅಲ್ಲಿ ಕೈಕೊಟ್ಟರೆ ನಷ್ಟ ದೊಡ್ಡದು. ವಸ್ತಿಯ ಮನೆಗೆ 80 ಏನು, 70 ಶೇಕಡಾ ಉಳಿದಿದ್ದರೂ ಸಾಕು. ಹಳೆಯ ಬ್ಯಾಟರಿಗೆ ನ್ಯಾಯವಾದ ಎರಡನೆಯ ಬದುಕು ಇರುವುದು ಇಲ್ಲಿಯೇ. ಆದರೆ 80ರಲ್ಲಿ ತೆಗೆದದ್ದು ಯಾರ್ಡಿನ ಮೂಲೆಯಲ್ಲಿ ಚಾರ್ಜಿಲ್ಲದೆ ಆರು ತಿಂಗಳು ಬಿದ್ದಿದ್ದರೆ, ಪೇಠೆಗೆ ಬರುವ ಹೊತ್ತಿಗೆ ಅದು 80 ಆಗಿ ಉಳಿದಿರುವುದಿಲ್ಲ. ಖಾಲಿಯಾಗಿ ಬಿದ್ದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟಿನ ಹರಳು ಗಟ್ಟಿಯಾಗಿ ಕೂಡುತ್ತದೆ, ಮತ್ತೆ ಕರಗುವುದಿಲ್ಲ.

ಹೂಳು ತುಂಬಿದ ಬಾವಿ

ಮಾರುವವನು ಮೀಟರು ಹಿಡಿದು 12.6 ವೋಲ್ಟ್ ತೋರಿಸಿದರೆ ಅನೇಕರು ಒಪ್ಪಿಬಿಡುತ್ತಾರೆ. ಇದು ಬಾವಿಯ ದಂಡೆಯ ಮೇಲೆ ನಿಂತು ನೀರಿನ ಮಟ್ಟವನ್ನು ಮಾತ್ರ ನೋಡಿದಂತೆ. ಮಟ್ಟ ಮೇಲಕ್ಕಿರಬಹುದು, ಕೆಳಗೆ ಹೂಳು ತುಂಬಿದ್ದರೆ ಅರ್ಧ ತಾಸು ಪಂಪು ಓಡಿದೊಡನೆ ಬಾವಿ ಬರಿದು. ವೋಲ್ಟೇಜು ಮಟ್ಟವನ್ನು ಹೇಳುತ್ತದೆ, ಆಳವನ್ನು ಹೇಳುವುದಿಲ್ಲ.

ಆದರೂ ಮೀಟರಿನಿಂದ ಒಂದಿಷ್ಟು ತಿಳಿಯುತ್ತದೆ. ಪೂರ್ತಿ ಚಾರ್ಜಾಗಿ ಕೆಲವು ತಾಸು ವಿಶ್ರಾಂತಿ ಪಡೆದ 12 ವೋಲ್ಟಿನ ಬ್ಯಾಟರಿ 12.6ರಿಂದ 12.8 ತೋರಿಸಬೇಕು. 12.2 ಇದ್ದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದು. ಚಾರ್ಜು ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಕೋಶಗಳಲ್ಲಿ ಒಂದು ಸತ್ತಿದೆ ಎಂದು ತಿಳಿದು ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಹೈಡ್ರೋಮೀಟರು ಇನ್ನೂ ಚೆನ್ನಾಗಿ ಮಾತನಾಡುತ್ತದೆ. ಪ್ರತಿ ಕೋಶದ ಆಮ್ಲದ ಸಾಂದ್ರತೆಯನ್ನು ಬೇರೆ ಬೇರೆ ಅಳೆಯಬೇಕು. ಪೂರ್ತಿ ಚಾರ್ಜಾದ ಟ್ಯೂಬುಲರ್ ಬ್ಯಾಟರಿಯಲ್ಲಿ ಅದು 1.240ರ ಹತ್ತಿರವಿರುತ್ತದೆ. ಎಲ್ಲ ಕೋಶಗಳೂ ಸಮನಾಗಿ ಸ್ವಲ್ಪ ಕಡಿಮೆಯಿದ್ದರೆ ಚಾರ್ಜು ಸಾಲದು ಎಂದು ಅರ್ಥ. ಒಂದು ಕೋಶ ಮಾತ್ರ ಉಳಿದವಕ್ಕಿಂತ 0.050ರಷ್ಟು ಹಿಂದೆ ಬಿದ್ದಿದ್ದರೆ ಆ ಕೋಶ ರೋಗಿ. ಅದರೊಡನೆ ಇಡೀ ಬ್ಯಾಟರಿ ರೋಗಿ. ಕೆಲವರು ಮಾರುವ ಮುನ್ನ ಹಳೆಯ ಬ್ಯಾಟರಿಗೆ ಹೊಸ ಆಮ್ಲ ಸುರಿದು ಸಾಂದ್ರತೆಯನ್ನು ಏರಿಸುತ್ತಾರೆ. ಆದ್ದರಿಂದ ಹೈಡ್ರೋಮೀಟರಿನ ಮಾತನ್ನೂ ಒಂಟಿಯಾಗಿ ನಂಬಬಾರದು.

ನಿಜವಾದ ಪರೀಕ್ಷೆ ಬಾವಿಯದೇ: ನೀರು ಎತ್ತಿ ನೋಡುವುದು. ಇದಕ್ಕೆ ದುಬಾರಿ ಯಂತ್ರ ಬೇಡ. ಕಾರಿನ ಹೆಡ್‌ಲೈಟಿನ 12 ವೋಲ್ಟ್, 60 ವ್ಯಾಟಿನ ಬಲ್ಬೊಂದು ಸುಮಾರು 5 ಆಂಪಿಯರ್ ಎಳೆಯುತ್ತದೆ. ಪೂರ್ತಿ ಚಾರ್ಜಾದ ಬ್ಯಾಟರಿಗೆ ಅದನ್ನು ಹಚ್ಚಿ ಗಡಿಯಾರ ನೋಡಬೇಕು. ವೋಲ್ಟೇಜು 10.8ಕ್ಕೆ ಇಳಿದಾಗ ಬಲ್ಬನ್ನು ಕಳಚಬೇಕು. ಉರಿದ ತಾಸುಗಳನ್ನು 5ರಿಂದ ಗುಣಿಸಿದರೆ ಉಳಿದ ಸಾಮರ್ಥ್ಯ ಹೆಚ್ಚುಕಡಿಮೆ ಸಿಗುತ್ತದೆ. ಹತ್ತು ತಾಸು ಉರಿದರೆ 50 ಆಂಪಿಯರ್-ತಾಸು. ಇಪ್ಪತ್ತು ತಾಸು ಉರಿದರೆ 100. ಪರೀಕ್ಷೆ ಮುಗಿದ ಕೂಡಲೇ ಮತ್ತೆ ಚಾರ್ಜಿಗೆ ಹಾಕಬೇಕು. ಒಂದು ಹಗಲು ಒಂದು ರಾತ್ರಿಯ ಈ ಪರೀಕ್ಷೆಗೆ ಒಪ್ಪದ ಮಾರಾಟಗಾರನಿಗೆ ಭಂಗಾರದ ಬೆಲೆಗಿಂತ ಹೆಚ್ಚು ಕೊಡಲು ಕಾರಣವಿಲ್ಲ.

ಎಷ್ಟು ಬೇಕು ಎಂಬುದನ್ನೂ ಮೊದಲೇ ಲೆಕ್ಕ ಹಾಕಬೇಕು. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬುಗಳು ಐದು ತಾಸು ಉರಿದರೆ 180 ವ್ಯಾಟ್-ತಾಸು. 30 ವ್ಯಾಟಿನ ಮಿತವ್ಯಯದ ಪಂಖ ಎಂಟು ತಾಸು ತಿರುಗಿದರೆ 240. 50 ವ್ಯಾಟಿನ ಟಿವಿ ಮೂರು ತಾಸಿಗೆ 150. ಮೊಬೈಲುಗಳಿಗೆ 30. ಒಟ್ಟು 600. ಸೀಸದ ಬ್ಯಾಟರಿಯನ್ನು ದಿನವೂ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ. ಆದ್ದರಿಂದ 600 ಬೇಕಾದವನಿಗೆ 1200 ವ್ಯಾಟ್-ತಾಸಿನ, ಅಂದರೆ 12 ವೋಲ್ಟಿನಲ್ಲಿ 100 ಆಂಪಿಯರ್-ತಾಸಿನ ನಿಜವಾದ ಸಾಮರ್ಥ್ಯ ಬೇಕು. ಇನ್ವರ್ಟರಿನ ನಷ್ಟ ಬೇರೆ. ಹಳೆಯ ಸಾದಾ ಪಂಖವಾದರೆ 70–75 ವ್ಯಾಟ್ ನುಂಗುತ್ತದೆ. ಅದೊಂದೇ ರಾತ್ರಿಗೆ 600 ತಿಂದುಬಿಡುತ್ತದೆ. ದೊಡ್ಡ ಬ್ಯಾಟರಿ ಕೊಳ್ಳುವ ಬದಲು ಪಂಖ ಬದಲಿಸುವುದು ಅನೇಕ ಸಲ ಅಗ್ಗದ ದಾರಿ. 60 ಕಿಲೋ ಎತ್ತುವ ಕಷ್ಟವೂ ತಪ್ಪುತ್ತದೆ.

ತಲೆಯ ಮೇಲೆ ಹೊರಲಾಗದ ಭಾರ

ಸೊಲ್ಲಾಪುರಕ್ಕೆ ಭಾರ ಹೊರುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮಾರುಕಟ್ಟೆಯ ಹಮಾಲರ ಬೆನ್ನಿನ ಮೇಲೆ ಈ ಊರಿನ ವ್ಯಾಪಾರ ನಿಂತಿದೆ. ಇಂಥ ದುಡಿಮೆಗಾರರ ರಕ್ಷಣೆಗೆಂದೇ ಮಹಾರಾಷ್ಟ್ರವು 1969ರಲ್ಲಿ ಮಾಥಾಡಿ ಹಮಾಲರ ಕಾಯಿದೆಯನ್ನು ಮಾಡಿತು. ‘ಮಾಥಾಡಿ’ ಎಂಬ ಹೆಸರೇ ಮಾಥಾ, ಅಂದರೆ ತಲೆಯಿಂದ ಬಂದದ್ದು. ತಲೆಯ ಮೇಲೆ ಹೊರುವವನು ಎಂದು ಅರ್ಥ. ಧಾನ್ಯದ ಚೀಲ ತಲೆ-ಬೆನ್ನುಗಳ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಅದು ಬಿದ್ದರೆ ಕಾಳು ಚೆಲ್ಲುತ್ತದೆ, ಅಷ್ಟೇ.

ಬ್ಯಾಟರಿಯ ಮುಂದೆ ಹಮಾಲನ ಈ ಪಾರಂಪರಿಕ ಕುಶಲತೆಯೆಲ್ಲ ನಿರುಪಯೋಗಿ. ಅದನ್ನು ತಲೆಯ ಮೇಲೆ ಇಡಬಾರದು, ಬೆನ್ನಿಗೆ ಹಾಕಬಾರದು, ಓರೆ ಮಾಡಬಾರದು. ಓರೆಯಾದರೆ ಮುಚ್ಚಳದ ಸಂದಿಯಿಂದ ಇಳಿಯುವ ದ್ರವದಲ್ಲಿ ಸುಮಾರು ಮೂರನೆಯ ಒಂದು ಭಾಗ ಗಂಧಕಾಮ್ಲ. ಅದು ಕುತ್ತಿಗೆಯ ಮೇಲೆ, ಕಣ್ಣಿನೊಳಗೆ ಇಳಿಯಬಹುದು. ಹಿಡಿಯಲು ಬ್ಯಾಟರಿಗೆ ಎರಡೇ ಕಿವಿಗಳು. ಭಾರವೆಲ್ಲ ದೇಹದಿಂದ ದೂರ, ಬೆರಳುಗಳ ತುದಿಯಲ್ಲಿ. 50 ಕಿಲೋದ ಸಿಮೆಂಟಿನ ಚೀಲವನ್ನು ಸಲೀಸಾಗಿ ಒಯ್ಯುವ ಗಟ್ಟಿಗನೂ 60 ಕಿಲೋದ ಬ್ಯಾಟರಿಯನ್ನು ಬಾಗಿ ಎತ್ತುವಾಗ ಸೊಂಟ ಹಿಡಿಸಿಕೊಳ್ಳುವುದು ಇದರಿಂದಲೇ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರ ತನ್ನ ಶಿಫಾರಸಿನಲ್ಲಿ ವಯಸ್ಕ ಪುರುಷನೊಬ್ಬ ಕೈಯಿಂದ ಹೊರಬಹುದಾದ ತೂಕಕ್ಕೆ 55 ಕಿಲೋದ ಎಲ್ಲೆ ಹಾಕಿತು. ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆಯ ಸೂತ್ರ ಇನ್ನೂ ಬಿಗಿ: ಎಲ್ಲ ಅನುಕೂಲಗಳೂ ಇದ್ದಾಗಲೂ ಒಬ್ಬನಿಗೆ 23 ಕಿಲೋ. ಆ ಲೆಕ್ಕದಲ್ಲಿ ಒಂದು ಟ್ಯೂಬುಲರ್ ಬ್ಯಾಟರಿ ಇಬ್ಬರಿಗೂ ಹೆಚ್ಚು. ಇಲ್ಲಿಯಾದರೋ ಒಬ್ಬನೇ ಎತ್ತಿದರೆ ಶೌರ್ಯವೆಂದು ಹೊಗಳುವ ರೂಢಿ.

ಈ ಶೌರ್ಯಕ್ಕೆ ಉತ್ತರ ಊರಿನ ಜಾತ್ರೆಯಲ್ಲಿಯೇ ಇದೆ. ಮಕರ ಸಂಕ್ರಮಣದ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಏಳು ನಂದಿಧ್ವಜಗಳು 68 ಲಿಂಗಗಳ ಪ್ರದಕ್ಷಿಣೆಗೆ ಹೊರಡುತ್ತವೆ. ಆ ಎತ್ತರದ ಧ್ವಜವನ್ನು ಹೊರುವುದು ತೋಳಿನ ಬಲದಿಂದಲ್ಲ. ಸೊಂಟದ ಆಧಾರ, ನೆಟ್ಟಗಿನ ಬೆನ್ನು, ಅಭ್ಯಾಸದ ಹೆಜ್ಜೆಗಳಿಂದ. ಹೊರುವವನ ಸುತ್ತ ಕೈಕೊಡಲು ಜನ ಸಿದ್ಧರಿರುತ್ತಾರೆ. ಬ್ಯಾಟರಿಗೂ ಅದೇ ನೀತಿ. ಎತ್ತುವ ಮುನ್ನ ದಾರಿ ನೋಡಬೇಕು, ಹೊಸ್ತಿಲು ನೋಡಬೇಕು, ಇಡುವ ಜಾಗ ಸಿದ್ಧಪಡಿಸಬೇಕು. ಬೆನ್ನು ಬಾಗಿಸದೆ ಮೊಣಕಾಲು ಮಡಚಬೇಕು. ಇಬ್ಬರು ಎದುರುಬದುರಾಗಿ ನಿಂತು, ಒಬ್ಬನ ಮಾತಿಗೆ ಇಬ್ಬರೂ ಏಳಬೇಕು. ಕಿವಿಗಳು ಹಳೆಯವಾಗಿ ಬಿರುಕುಬಿಟ್ಟಿದ್ದರೆ ಅವುಗಳನ್ನು ನಂಬದೆ ಅಡಿಯಿಂದ ಅಗಲ ಪಟ್ಟಿ ಹಾಯಿಸಬೇಕು. ಎತ್ತುವುದಕ್ಕಿಂತ ಉರುಳಿಸುವುದು ಮೇಲು: ಹಲಗೆಯ ಇಳಿಜಾರು, ಕೈಗಾಡಿ, ಗ್ಯಾಸಿನ ಸಿಲಿಂಡರು ಸಾಗಿಸುವ ಗಾಲಿಯ ಚೌಕಟ್ಟು ಯಾವುದಾದರೂ ಬೆನ್ನಿಗಿಂತ ಅಗ್ಗ.

ಭಾರ ತಗ್ಗಿಸಲೆಂದು ದಾರಿಯಲ್ಲಿ ಆಮ್ಲವನ್ನು ಚೆಲ್ಲಿ ಖಾಲಿ ಬ್ಯಾಟರಿ ಒಯ್ಯುವವರುಂಟು. ಇದಕ್ಕಿಂತ ದೊಡ್ಡ ತಪ್ಪಿಲ್ಲ. ಚೆಲ್ಲಿದ ಆಮ್ಲದೊಡನೆ ಸೀಸವೂ ಹೊಲದ ಮಣ್ಣಿಗೆ ಇಳಿಯುತ್ತದೆ. ಗಾಳಿ ತಾಗಿದ ಫಲಕಗಳೂ ಕೆಡುತ್ತವೆ.

ಕರಡಿಗೆ, ಕಡಗ ಮತ್ತು ಕಂಬಳಿ

ಬ್ಯಾಟರಿ ಮುಟ್ಟುವ ಮುನ್ನ ಮೈಮೇಲಿನ ಲೋಹವನ್ನು ತೆಗೆದಿಡಬೇಕು. 12 ವೋಲ್ಟು ಶಾಕು ಹೊಡೆಯುವುದಿಲ್ಲ ಎಂಬುದು ನಿಜ. ಆದರೆ ಎರಡು ಧ್ರುವಗಳ ನಡುವೆ ಲೋಹ ಅಡ್ಡ ಬಿದ್ದರೆ ಸಾವಿರಕ್ಕೂ ಮಿಕ್ಕಿದ ಆಂಪಿಯರ್ ಒಮ್ಮೆಗೇ ಹರಿಯಬಲ್ಲದು. ಉಂಗುರ ಕೆಂಪಾಗಿ ಬೆರಳನ್ನು ಸುಡುತ್ತದೆ. ಕೈಯ ಕಡಗ, ಉಂಗುರ, ಬಳೆ, ಬೆಳ್ಳಿಯ ಉಡಿದಾರ ಎಲ್ಲಕ್ಕೂ ಇದೇ ಎಚ್ಚರಿಕೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ ಧರಿಸುವವರು ಬಾಗಿದಾಗ ಅದು ತೂಗಿ ಧ್ರುವಗಳ ಮೇಲೆಯೇ ಬರುತ್ತದೆ. ಅದನ್ನು ತೆಗೆದಿಡಲೊಲ್ಲದವರು ವಸ್ತ್ರದಲ್ಲಿ ಸುತ್ತಿ ಅಂಗಿಯ ಒಳಗೆ ಬಿಗಿದುಕೊಳ್ಳಬೇಕು. ಬೆಳ್ಳಿಯಷ್ಟು ಚೆನ್ನಾಗಿ ವಿದ್ಯುತ್ತನ್ನು ಒಯ್ಯುವ ಲೋಹ ಮತ್ತೊಂದಿಲ್ಲ. ಸಾಗಿಸುವಾಗ ಎರಡೂ ಧ್ರುವಗಳಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಬೇಕು. ಪಾನಾದ ಹಿಡಿಕೆಗೂ ಅದೇ ರಬ್ಬರು ಸುತ್ತುವುದು ಒಳ್ಳೆಯದು.

ಬ್ಯಾಟರಿಯ ಕೆಳಗೆ ಹಳೆಯ ಸೊಲ್ಲಾಪುರಿ ಚಾದರ ಹಾಸಿ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಇಡುವುದು ಸಹಜ. ಹತ್ತಿಯನ್ನು ಗಂಧಕಾಮ್ಲ ತಿಂದುಹಾಕುತ್ತದೆ. ತೊಟ್ಟ ಧೋತರ, ಅಂಗಿಗಳಿಗೂ ಮರುದಿನ ತೂತುಗಳು ಕಾಣುತ್ತವೆ. ಉಣ್ಣೆ ಇದಕ್ಕಿಂತ ತಾಳಿಕೆಯುಳ್ಳದ್ದು. ಹಳೆಯ ಕಂಬಳಿಯ ತುಂಡು, ಅದರ ಮೇಲೆ ಪ್ಲಾಸ್ಟಿಕ್ಕಿನ ಬುಟ್ಟಿ, ಸುತ್ತಲೂ ಹಳೆಯ ಟಾಯರು, ಅಲುಗದಂತೆ ಹಗ್ಗ. ಬ್ಯಾಟರಿಯ ಪ್ರಯಾಣಕ್ಕೆ ಇದು ಸಾಕು. ಮೋಟಾರುಸೈಕಲಿನ ಹಿಂದೆ ಕೂತವನ ತೊಡೆಯ ಮೇಲೆ ಬ್ಯಾಟರಿ ಒಯ್ಯುವುದು ಮಾತ್ರ ಎಂದಿಗೂ ಬೇಡ.

ಕಣ್ಣಿಗೆ ಚಷ್ಮಾ, ಕೈಗೆ ರಬ್ಬರಿನ ಚೀಲ, ಕಾಲಿಗೆ ಮುಚ್ಚಿದ ಬೂಟು ಇರಬೇಕು. ಎಲ್ಲಕ್ಕಿಂತ ಮೊದಲು ಕೈಯಳತೆಯಲ್ಲಿ ತುಂಬಿದ ನೀರಿನ ಕೊಡ ಇರಬೇಕು. ಆಮ್ಲ ಮೈಗೆ ತಾಗಿದರೆ ಬಟ್ಟೆ ಕಳಚಿ ಕೂಡಲೇ ನೀರು ಹೊಯ್ಯಬೇಕು. ಕಣ್ಣಿಗೆ ಸಿಡಿದರೆ ರೆಪ್ಪೆ ತೆರೆದು 15–20 ನಿಮಿಷ ಎಡೆಬಿಡದೆ ತೊಳೆದು ಅನಂತರವೇ ರುಗ್ಣಾಲಯಕ್ಕೆ ಹೊರಡಬೇಕು. ವಸ್ತಿಯಿಂದ ದವಾಖಾನೆಗೆ ದಾರಿ ದೂರ. ಕಣ್ಣು ಉಳಿಯುವುದು ಮೊದಲ ಕೊಡದ ನೀರಿನಿಂದ. ನೆಲಕ್ಕೆ ಚೆಲ್ಲಿದ ಆಮ್ಲಕ್ಕೆ ಅಡುಗೆಯ ಸೋಡಾ ಉದುರಿಸಿದರೆ ನೊರೆಯೆದ್ದು ಅದರ ಉಗ್ರತೆ ಅಡಗುತ್ತದೆ. ಕಣ್ಣಿಗೆ ಮಾತ್ರ ಸೋಡಾ ಹಾಕಬಾರದು, ನೀರೊಂದೇ.

ಮನೆಯೊಳಗಿನ ಅತಿಥಿ

ಚಾರ್ಜಾಗುವ ಬ್ಯಾಟರಿ ಹೈಡ್ರೋಜನ್ ಅನಿಲವನ್ನು ಬಿಡುತ್ತದೆ. ಗಾಳಿಯಲ್ಲಿ ಅದು 4 ಶೇಕಡಾ ತಲುಪಿದರೆ ಒಂದು ಕಿಡಿ ಸಾಕು. ಅದು ಹಗುರವಾದ ಅನಿಲ. ಮೇಲಕ್ಕೇರಿ ಮಾಳಿಗೆಯ ಕೆಳಗೆ ನಿಲ್ಲುತ್ತದೆ. ಆದ್ದರಿಂದ ಬ್ಯಾಟರಿ ಇರುವ ಖೋಲಿಗೆ ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ ಬೇಕು. ಒಲೆಯ ಬದಿ, ದೇವರ ದೀಪದ ಬದಿ, ಮಲಗುವ ಮಂಚದ ಕೆಳಗೆ ಬ್ಯಾಟರಿಗೆ ಜಾಗವಿಲ್ಲ. ಮಕ್ಕಳ ಕೈಗೆ ಸಿಗದಂತೆ, ಆದರೆ ಗಾಳಿಯಾಡುವಂತೆ ಕಟ್ಟಿಗೆಯ ಪೆಟ್ಟಿಗೆಯೊಂದರಲ್ಲಿ, ಅಡಿಗೆ ಪ್ಲಾಸ್ಟಿಕ್ ತಟ್ಟೆಯಿಟ್ಟು ಕೂರಿಸಬೇಕು. ಧನಧ್ರುವದಿಂದ ಒಂದು ಗೇಣಿನೊಳಗೇ ಫ್ಯೂಜ್ ಇರಬೇಕು. ಫ್ಯೂಜಿಲ್ಲದ ವಾಯರು ಹುಲ್ಲಿನ ಬಣವೆಯ ಪಕ್ಕದ ಬೆಂಕಿಕಡ್ಡಿಯಂತೆ.

ಸೊಲ್ಲಾಪುರ ಸೀಮೆಯ ಬೇಸಗೆ 40 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಪ್ರತಿ 10 ಡಿಗ್ರಿ ಏರಿಕೆಗೆ ಸೀಸದ ಬ್ಯಾಟರಿಯ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಪತ್ರೆಯ ಛಪ್ಪರದ ಕೆಳಗಿನ ಕಾವಿಗಿಂತ ಮಣ್ಣಿನ ಗೋಡೆಯ ತಂಪು ಮೂಲೆ ಲೇಸು. ನೀರು ಇಳಿದಾಗ ಬೋರಿನ ಸವುಳು ನೀರು ಹಾಕಬಾರದು. ಅದರ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಹಳೆಯದರ ಜೊತೆಗೆ ಹೊಸ ಬ್ಯಾಟರಿ ಜೋಡಿಸಿದರೆ ಮುದಿ ಎತ್ತಿನೊಡನೆ ಹೋರಿ ಹೂಡಿದಂತೆ, ಎರಡೂ ಕೆಡುತ್ತವೆ. ಫಲಕವೂ ಸಾಲುವಷ್ಟಿರಬೇಕು: 150 ಆಂಪಿಯರ್-ತಾಸಿನ ಬ್ಯಾಟರಿಗೆ ಸುಮಾರು 15 ಆಂಪಿಯರ್ ಚಾರ್ಜು ಕೊಡಬಲ್ಲ ಫಲಕ. ದಿನವೂ ಅರೆಹೊಟ್ಟೆಯಲ್ಲಿಟ್ಟ ಬ್ಯಾಟರಿ ಬಹುಕಾಲ ಬಾಳದು.

ಲಿಥಿಯಂ ಬ್ಯಾಟರಿ ಇದಕ್ಕೆಲ್ಲ ಪರ್ಯಾಯವೆಂದು ಹೇಳುವವರಿದ್ದಾರೆ. 100 ಆಂಪಿಯರ್-ತಾಸಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 11–13 ಕಿಲೋ ಮಾತ್ರ ತೂಗುತ್ತದೆ. ಸೀಸವೂ ಇಲ್ಲ, ಗಂಧಕಾಮ್ಲವೂ ಇಲ್ಲ. ಹೊಸದನ್ನು ಕೊಳ್ಳಲು ಶಕ್ತಿಯಿದ್ದವರಿಗೆ ಅದು ಉತ್ತಮ ದಾರಿಯೇ. ಆದರೆ ಗಾಡಿಗಳಿಂದ ಬಿಚ್ಚಿದ ಹಳೆಯ ಲಿಥಿಯಂ ಕೋಶಗಳನ್ನು ರಕ್ಷಣಾ ಮಂಡಲವಿಲ್ಲದೆ ಜೋಡಿಸುವುದು ಬೆಂಕಿಯೊಡನೆ ಆಟ.

ಹೋಗಬೇಕಾದ ಮನೆ

ಎತ್ತುವ ಕಷ್ಟ ಒಂದು ದಿನದ್ದು. ಬ್ಯಾಟರಿ ಸತ್ತ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ತಲೆಮಾರಿನದು. ಸೀಸ 327 ಡಿಗ್ರಿಯಲ್ಲಿ ಕರಗುತ್ತದೆ. ಸಾಧಾರಣ ಒಲೆಯ ಬೆಂಕಿ ಸಾಕು. ಈ ಸುಲಭವೇ ಅನರ್ಥಕ್ಕೆ ಮೂಲ. ಪೆಟ್ಟಿಗೆಯನ್ನು ಕೊಡಲಿಯಿಂದ ಒಡೆದು, ಆಮ್ಲವನ್ನು ನಾಲೆಗೆ ಚೆಲ್ಲಿ, ಫಲಕಗಳನ್ನು ಬಯಲಿನಲ್ಲಿ ಕರಗಿಸುವ ದಂಧೆಗೆ ಬಂಡವಾಳ ಬೇಡ. ಹೊಗೆ ಮತ್ತು ಧೂಳಿನ ರೂಪದ ಸೀಸ ಅಂಗಳದ ಮಣ್ಣಿಗೆ, ಮಣ್ಣಿನಿಂದ ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ.

ಸೆನೆಗಾಲ್ ದೇಶದ ಡಾಕಾರ್ ನಗರದ ಅಂಚಿನ ಥಿಯಾರೋಯೆ ಎಂಬ ಬಡಾವಣೆಯಲ್ಲಿ 2007ರ ನವೆಂಬರಿನಿಂದ 2008ರ ಮಾರ್ಚಿನ ನಡುವೆ 18 ಮಕ್ಕಳು ಸತ್ತರು. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ತೆಗೆಯುತ್ತಿದ್ದ ಜಾಗದ ಮಣ್ಣು ಅದಕ್ಕೆ ಕಾರಣವಾಗಿತ್ತು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಹೊರತಂದ ವರದಿಯ ಪ್ರಕಾರ ಜಗತ್ತಿನ ಮೂರು ಮಕ್ಕಳಲ್ಲಿ ಒಂದು ಮಗುವಿನ, ಅಂದರೆ 80 ಕೋಟಿಯವರೆಗಿನ ಮಕ್ಕಳ ರಕ್ತದಲ್ಲಿ, ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಅವರಲ್ಲಿ ಸುಮಾರು 27 ಕೋಟಿ ಭಾರತದ ಮಕ್ಕಳು. ಬ್ಯಾಟರಿಗಳ ಅಸುರಕ್ಷಿತ ಮರುಬಳಕೆಯನ್ನು ಆ ವರದಿ ಮುಖ್ಯ ಕಾರಣಗಳಲ್ಲಿ ಒಂದೆಂದು ಹೆಸರಿಸಿತು. ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಅದು ಮಗುವಿನ ಬುದ್ಧಿಯ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಗರ್ಭಿಣಿಯ ರಕ್ತದಿಂದ ಭ್ರೂಣಕ್ಕೂ ದಾಟುತ್ತದೆ. ಮಕ್ಕಳ ಓದಿಗೆಂದು ತಂದ ಬ್ಯಾಟರಿಯು ಅವರ ಓದುವ ಶಕ್ತಿಯನ್ನೇ ಕುಂದಿಸಿದರೆ ಆ ಬೆಳಕಿಗೆ ಅರ್ಥವೇನು?

ಇದಕ್ಕೆ ಕಾನೂನಿನ ದಾರಿ ಇದೆ. 2001ರ ಬ್ಯಾಟರಿ ನಿಯಮಗಳ ಸ್ಥಾನದಲ್ಲಿ ಕೇಂದ್ರ ಸರಕಾರವು 2022ರ ಆಗಸ್ಟ್ 22ರಂದು ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಪ್ರಕಟಿಸಿತು. ಮಾರಿದ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ಈಗ ತಯಾರಕರದು. ಬ್ಯಾಟರಿಯನ್ನು ಹೂಳುವುದಕ್ಕೂ ಸುಡುವುದಕ್ಕೂ ನಿಷೇಧವಿದೆ. ಬಳಕೆದಾರನ ಕರ್ತವ್ಯವೂ ಅಲ್ಲಿ ಹೇಳಿದೆ: ಸತ್ತ ಬ್ಯಾಟರಿಯನ್ನು ಉಳಿದ ಕಸದೊಡನೆ ಬೆರೆಸದೆ, ಸಂಗ್ರಹ ಅಥವಾ ಮರುಬಳಕೆಯ ವ್ಯವಸ್ಥೆಗೇ ಒಪ್ಪಿಸಬೇಕು. ಹೊಸ ಬ್ಯಾಟರಿ ಮಾರುವ ಅಧಿಕೃತ ಅಂಗಡಿಗಳು ಹಳೆಯದನ್ನು ಬೆಲೆಯಲ್ಲಿ ವಜಾ ಮಾಡಿ ಕೊಳ್ಳುವ ಪದ್ಧತಿ ಮೊದಲಿನಿಂದಲೂ ಉಂಟು. ಗಾಡಿಯ ಮೇಲೆ ಮನೆಬಾಗಿಲಿಗೆ ಬಂದು ಕಿಲೋಗೆ ನಾಲ್ಕು ರೂಪಾಯಿ ಹೆಚ್ಚು ಕೊಡುತ್ತೇನೆನ್ನುವವನು ಆ ನಾಲ್ಕು ರೂಪಾಯಿಯನ್ನು ಎಲ್ಲಿ ಗಳಿಸುತ್ತಾನೆ ಎಂದು ಒಮ್ಮೆ ಯೋಚಿಸಬೇಕು. ಹೊಗೆಗೆ ಚಿಮಣಿಯೂ ಆಮ್ಲಕ್ಕೆ ತೊಟ್ಟಿಯೂ ಕೆಲಸಗಾರನಿಗೆ ಮುಖಕವಚವೂ ಇಲ್ಲದ ಕಡೆ ಉಳಿಯುವ ಹಣ ಅದು.

ಸೀಸ ಸವೆಯುವ ಲೋಹವಲ್ಲ. ಒಳ್ಳೆಯ ಕಾರಖಾನೆಯಲ್ಲಿ ಕರಗಿಸಿದರೆ ಅದೇ ಸೀಸ ಮತ್ತೆ ಬ್ಯಾಟರಿಯಾಗಿ, ಮತ್ತೆ ಇನ್ನೊಂದು ವಸ್ತಿಗೆ ಬೆಳಕಾಗಿ ಬರಬಹುದು. ಹೀಗೆ ನೋಡಿದರೆ ಬ್ಯಾಟರಿಯನ್ನು ಕೊಂಡವನು ಅದರ ಒಡೆಯನಲ್ಲ. ಕೆಲವು ವರ್ಷಗಳ ಮಟ್ಟಿಗೆ ಕಾಯ್ದುಕೊಂಡು ಇರುವವನು. ಕೊಳ್ಳುವಾಗ ಅಳೆದು ಕೊಳ್ಳುವುದು, ಒಯ್ಯುವಾಗ ಇಬ್ಬರಾಗಿ ಒಯ್ಯುವುದು, ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಭಕ್ಕರಿ ಮುರಿಯದಿರುವುದು, ಕೊನೆಗೆ ತಂದ ದಾರಿಯಲ್ಲಿಯೇ ಮರಳಿ ಮುಟ್ಟಿಸುವುದು. ಇವು ನಾಲ್ಕು ಸಾಧಿಸಿದ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಉರಿಯುವ ದೀಪದ ಕೆಳಗೆ ಮಗು ನಿಶ್ಚಿಂತೆಯಿಂದ ಓದಬಹುದು.